ಬಟನ್ ಆಫ್ ಇತ್ತು, ಸ್ಪೀಕರ್ ಆನ್ ಇತ್ತು: ಒಂದು ನೆಟ್ ಕಾಲ್ ಪ್ರಕರಣ

"ನಾನು ಸ್ಪೀಕರ್ ಬಟನ್ ಮುಟ್ಟೇ ಇಲ್ಲ." ಮೇಡಂ ಈ ಮಾತನ್ನು ನನಗೆ ಕನಿಷ್ಠ ಐದು ಸಲ ಹೇಳಿದ್ದರು. ಐದು ಸಲವೂ ನಾನು ನಂಬಿರಲಿಲ್ಲ.

ಮೇಡಂ ಆಪ್ತಸಮಾಲೋಚಕಿ. ಕಷ್ಟದಲ್ಲಿರುವವರು ಫೋನ್ ಮಾಡುತ್ತಾರೆ, ಇವರು ಮನೆಯಿಂದಲೇ ಅವರ ಜೊತೆ ಮಾತಾಡುತ್ತಾರೆ. ನಾನು ಅವರ ಸಂಸ್ಥೆಯ ಫೋನು, ಕಂಪ್ಯೂಟರು ನೋಡಿಕೊಳ್ಳುವವನು. ಅವರ ಹೆಸರು, ಸಂಸ್ಥೆಯ ಹೆಸರು, ಆ್ಯಪ್‌ಗಳ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. 'ಮೇಡಂ' ಅನ್ನುವುದೊಂದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ, ನಾನು ಅವರನ್ನು ಕರೆಯುತ್ತಿದ್ದದ್ದೇ ಹಾಗೆ.

ಹಿನ್ನೆಲೆ

ಸಂಸ್ಥೆಗೆ ಇರುವುದು ಒಂದೇ ನಂಬರ್. ಅದಕ್ಕೆ ಬಂದ ಕರೆ ಇಂಟರ್‌ನೆಟ್ ಮೂಲಕ ಆ ಹೊತ್ತಿಗೆ ಡ್ಯೂಟಿಯಲ್ಲಿ ಇರುವವರ ಮೊಬೈಲಿಗೆ ಹೋಗುತ್ತದೆ. ಮೊಬೈಲಿನಲ್ಲಿ ಒಂದು ಕಾಲಿಂಗ್ ಆ್ಯಪ್ ಇರುತ್ತದೆ, ಅಲ್ಲಿ ಕರೆ ಎತ್ತಿಕೊಂಡರಾಯಿತು. ಹೀಗೆ ಮಾಡಿದರೆ ಕರೆ ಮಾಡಿದವರಿಗೆ ಸಮಾಲೋಚಕರ ಸ್ವಂತ ನಂಬರ್ ಕಾಣಿಸುವುದಿಲ್ಲ.

ಮೇಡಂ ಅವರ ಫೋನಿನಲ್ಲಿ ಇದ್ದದ್ದು ಆಂಡ್ರಾಯ್ಡ್ 10. ಇಯರ್‌ಫೋನ್ ಚುಚ್ಚುವ 3.5 ಮಿ.ಮೀ. ಜ್ಯಾಕ್ ಇತ್ತು. ಕೈಗೆ ಮನೆಯವರು ಕೊಡಿಸಿದ ಸ್ಮಾರ್ಟ್‌ವಾಚ್. ವಾರಕ್ಕೆ ಮೂರು ನಾಲ್ಕು ಸಲ ಸಹೋದ್ಯೋಗಿಗಳ ಜೊತೆ ವೀಡಿಯೊ ಮೀಟಿಂಗ್ ಇರುತ್ತಿತ್ತು, ಅದು ಬೇರೆ ಆ್ಯಪ್, ಆದರೆ ಇದೇ ಫೋನು. ಈ ಸಾಲುಗಳಲ್ಲೇ ಉತ್ತರ ಪೂರ್ತಿ ಇದೆ. ನನಗೆ ಅದು ಕಾಣಲು ಐದು ವಾರ ಬೇಕಾಯಿತು.

ದೂರು ಏನಿತ್ತು

ಮೊದಲ ಸಲ ಮೇಡಂ ಹೇಳಿದ್ದು ಹೀಗೆ: "ಕರೆ ಎತ್ತಿದ ತಕ್ಷಣ ಆ ಹುಡುಗಿಯ ಅಳು ಇಡೀ ಹಾಲ್‌ಗೆ ಕೇಳಿಸಿತು. ನಾನು ಫೋನನ್ನ ಕಿವಿಗೇ ಇಟ್ಟುಕೊಂಡಿದ್ದೆ. ಸ್ಪೀಕರ್ ಆಫ್ ಮಾಡೋಕೆ ಒತ್ತಿದೆ, ಹೋಗಲಿಲ್ಲ. ಮತ್ತೆ ಒತ್ತಿದೆ, ಹೋಯ್ತು."

ಬೇರೆಯವರಿಗಾದರೆ ಇದು ಮುಜುಗರ ಅಷ್ಟೆ. ಇವರ ಕೆಲಸದಲ್ಲಿ ಹಾಗಲ್ಲ. ಯಾರೋ ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳುತ್ತಿರುವ ವಿಷಯ ಪಕ್ಕದ ಕೋಣೆಗೆ ಕೇಳಿಸಬಾರದು.

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಈ ಸಲ ಸ್ಪೀಕರ್ ಸುದ್ದಿಯೇ ಇಲ್ಲ. "ಕರೆ ಎತ್ತಿದೆ, ಏನೂ ಕೇಳಿಸ್ತಿಲ್ಲ. ಹಲೋ ಹಲೋ ಅಂದೆ. ಕಟ್ ಮಾಡಿದೆ." ಅದೇ ವಾರ ಸ್ಪೀಕರ್ ತೊಂದರೆಯೂ ಇನ್ನೊಮ್ಮೆ ಬಂತು. ನಾನು ನನ್ನ ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆದುಕೊಂಡೆ: 'ಕಾಲಿಂಗ್ ಆ್ಯಪ್, ಆಡಿಯೊ ತೊಂದರೆ.'

ಮೊದಲ ತಪ್ಪು ಅಲ್ಲೇ ಆಯಿತು. ಅಲ್ಲಿದ್ದದ್ದು ಎರಡು ಬೇರೆ ಬೇರೆ ಕಾಯಿಲೆ, ನಾನು ಎರಡಕ್ಕೂ ಒಂದೇ ಚೀಟಿ ಅಂಟಿಸಿದೆ. ಒಂದರಲ್ಲಿ ದನಿ ಜಾಸ್ತಿ ಕಡೆ ಹೋಗುತ್ತಿತ್ತು, ಇನ್ನೊಂದರಲ್ಲಿ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿರಲಿಲ್ಲ. ಒಂದಕ್ಕೆ ಸರಿಹೊಂದುವ ಊಹೆ ಮಾಡಿದರೆ ಇನ್ನೊಂದು ಅದನ್ನು ಸುಳ್ಳು ಮಾಡುತ್ತಿತ್ತು. ಹಾಗೇ ಮೊದಲ ಎರಡು ವಾರ ಕಳೆದುಹೋಯಿತು.

ಏನೇನು ಮಾಡಿ ನೋಡಿದೆವು

ಮೊದಲು ನನಗೆ ಅನಿಸಿದ್ದು, ಕೆನ್ನೆ ತಾಗಿ ಬಟನ್ ಒತ್ತಿರಬೇಕು ಅಂತ. ಕಿವಿಯ ಹತ್ತಿರ ಹೋದಾಗ ಪರದೆ ಕಪ್ಪಾಗಬೇಕು, ಅದಕ್ಕೆಂದೇ ಫೋನಿನ ಮೇಲ್ಭಾಗದಲ್ಲಿ ಪ್ರಾಕ್ಸಿಮಿಟಿ ಸೆನ್ಸರ್ ಇರುತ್ತದೆ. ಸ್ಕ್ರೀನ್ ಗಾರ್ಡ್ ಅದನ್ನು ಮುಚ್ಚಿದರೆ ತೊಂದರೆ ಆಗುವುದುಂಟು. ನೋಡಿದೆವು, ಸೆನ್ಸರ್ ಚೆನ್ನಾಗಿಯೇ ಇತ್ತು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆವು. ರೀಸ್ಟಾರ್ಟ್. ಸರಿಹೋಯಿತು! ಒಂದೂವರೆ ದಿನ. ಮತ್ತೆ ಅದೇ ಕಥೆ. ಮತ್ತೆ ರೀಸ್ಟಾರ್ಟ್, ಮತ್ತೆ ಒಂದು ದಿನ ನೆಮ್ಮದಿ. ರೀಸ್ಟಾರ್ಟ್ ಮಾಡಿದರೆ ಸರಿಹೋಗುವ ತೊಂದರೆ ಇದ್ದರೆ ನಮ್ಮ ತಲೆ ತಾನಾಗಿ 'ಫೋನ್ ಹಳೆಯದಾಯ್ತು, ಮೆಮೊರಿ ತುಂಬಿದೆ' ಅನ್ನುವ ಕಡೆ ಓಡುತ್ತದೆ. ನಾನೂ ಓಡಿದೆ. ಫೋಟೊ ಅಳಿಸಿದೆವು, ಬ್ಯಾಟರಿ ಸೇವರ್ ಆಫ್ ಮಾಡಿದೆವು. ಏನೂ ಬದಲಾಗಲಿಲ್ಲ.

ಆಮೇಲೆ ಆ್ಯಪ್ ತೆಗೆದು ಹೊಸದಾಗಿ ಹಾಕಿದೆವು. ಇದರಿಂದ ಕೆಟ್ಟದ್ದೇ ಆಯಿತು. ಹೊಸ ಆ್ಯಪ್ ಮೈಕ್ ಬಳಸಲು ಅನುಮತಿ ಕೇಳುತ್ತದೆ ಅಲ್ವಾ, ಆ ಪ್ರಶ್ನೆ ಬಂದದ್ದು ಸರಿಯಾಗಿ ಒಂದು ಕರೆ ಬರುವ ಹೊತ್ತಿಗೆ. ಮೇಡಂ ಗಡಿಬಿಡಿಯಲ್ಲಿ 'ಬೇಡ' ಒತ್ತಿಬಿಟ್ಟರು. ಆವತ್ತು ಸಂಜೆಯಿಂದ ಅತ್ತ ಕಡೆಯವರಿಗೆ ಇವರ ದನಿ ಕೇಳಿಸುವುದೇ ನಿಂತುಹೋಯಿತು. ಹಳೆಯ ಎರಡು ತೊಂದರೆಯ ಜೊತೆಗೆ ನಮ್ಮ ಕೈಯಿಂದಲೇ ಮೂರನೆಯದು ಹುಟ್ಟಿತು. ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಲು ಒಂದು ನಿಮಿಷ ಸಾಕಾಯಿತು, ಆದರೆ ತೊಂದರೆ ಅದೇ ಎಂದು ಹೊಳೆಯಲು ಒಂದು ದಿನ ಹಿಡಿಯಿತು. ಅಷ್ಟರಲ್ಲಿ ನಾವು 'ಕೇಳಿಸ್ತಿಲ್ಲ' ಅನ್ನುವುದನ್ನೆಲ್ಲ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೆವು. ಅಂದಿನಿಂದ ಮೊದಲ ಹೆಜ್ಜೆಯಲ್ಲೇ ಆ್ಯಪ್ ತೆಗೆದು ಹಾಕುವುದನ್ನು ನಾನು ಬಿಟ್ಟಿದ್ದೇನೆ. ಅದು ಸಾಕ್ಷಿಯನ್ನೂ ಅಳಿಸುತ್ತದೆ, ಹೊಸ ತೊಂದರೆಯನ್ನೂ ತರುತ್ತದೆ.

ಈ ಹಂತದಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಕಾರಣ ಸಿಗುವವರೆಗೆ ಮೇಡಂ ಡ್ಯೂಟಿ ಮಾಡುವುದೋ ಬೇಡವೋ? ಬೇಡ ಅಂದರೆ ಆ ಕರೆಗಳಿಗೆ ಬೇರೆ ಜನ ಇರಲಿಲ್ಲ. ಹೂಂ ಅಂದರೆ ಇನ್ನೊಬ್ಬರ ಗುಟ್ಟು ಹಾಲ್‌ಗೆ ಬೀಳುವ ಅಪಾಯ. ಒಂದು ನಡುದಾರಿ ಹಿಡಿದೆವು: ವೈರ್ ಇಯರ್‌ಫೋನ್ ಚುಚ್ಚಿಕೊಂಡೇ ಕರೆ ಎತ್ತುವುದು, ಬಾಗಿಲು ಹಾಕಿಕೊಳ್ಳುವುದು. ವೈರ್ ಚುಚ್ಚಿದ ಮೇಲೆ ದನಿ ಸ್ಪೀಕರಿಗೆ ಹೇಗೆ ತಾನೇ ಹೋಗುತ್ತದೆ?

ಇಯರ್‌ಫೋನಿನ ಉಪಕಥೆ

ಮೇಡಂ ಡ್ರಾಯರಿನಿಂದ ಒಂದು ಹಳೆಯ ಇಯರ್‌ಫೋನ್ ತೆಗೆದರು. ಚುಚ್ಚಿದರೆ ದನಿ ಬರುತ್ತಿತ್ತು, ಆದರೆ ಬಾವಿಯೊಳಗಿಂದ ಬಂದ ಹಾಗೆ. ಮಾತು ತೆಳ್ಳಗೆ, ದೂರ. ಇವರ ಮಾತು ಅತ್ತ ಹೋಗುತ್ತಲೇ ಇರಲಿಲ್ಲ. ನಾನು ಹೇಳಿದೆ, "ಮೇಡಂ, ಮೈಕಿನ ಮೇಲಿರುವ ಬಟನ್ ಒತ್ತಿ ಹಿಡಿದು ಕೇಳಿ." ಒತ್ತಿ ಹಿಡಿದರು. "ಅಯ್ಯೋ, ಈಗ ಚೆನ್ನಾಗಿ ಕೇಳ್ತಿದೆ!" ಬಿಟ್ಟರೆ ಮತ್ತೆ ಬಾವಿ.

ಮೈಕ್ ಇರುವ ಇಯರ್‌ಫೋನಿನ ಪಿನ್ ಮೇಲೆ ಮೂರು ಕಪ್ಪು ಗೆರೆ, ನಾಲ್ಕು ಲೋಹದ ಭಾಗ ಇರುತ್ತವೆ: ಎಡ, ಬಲ, ಗ್ರೌಂಡ್ (ಎಲ್ಲಕ್ಕೂ ಸಾಮಾನ್ಯವಾದ ವಾಪಸ್ ತಂತಿ), ಮೈಕ್. ಕೊನೆಯ ಎರಡು ಯಾವ ಕ್ರಮದಲ್ಲಿ ಬರಬೇಕು ಅನ್ನುವುದಕ್ಕೆ ಎರಡು ಪದ್ಧತಿ ಇವೆ. ಒಂದು ಸಿಟಿಐಎ, ಇನ್ನೊಂದು ಹಳೆಯ ಒಎಂಟಿಪಿ. ಈಗಿನ ಫೋನುಗಳೆಲ್ಲ ಹೆಚ್ಚುಕಡಿಮೆ ಸಿಟಿಐಎ. ಡ್ರಾಯರಿನ ಇಯರ್‌ಫೋನ್ ಒಎಂಟಿಪಿ. ಫೋನ್ ಗ್ರೌಂಡ್ ಎಂದುಕೊಂಡ ಜಾಗದಲ್ಲಿ ಮೈಕ್ ಕೂತಿತ್ತು. ಬಟನ್ ಒತ್ತಿದಾಗ ಮೈಕ್ ತಂತಿ ಮತ್ತು ಗ್ರೌಂಡ್ ತಂತಿ ಒಂದಕ್ಕೊಂದು ಸೇರುತ್ತವೆ, ಹಾಗಾಗಿ ಒತ್ತಿ ಹಿಡಿದಷ್ಟು ಹೊತ್ತು ದನಿ ಸರಿಯಾಗುತ್ತದೆ. ಇಯರ್‌ಫೋನ್ ಕೆಟ್ಟಿದೆಯೋ, ಪದ್ಧತಿ ಬೇರೆಯೋ ಅಂತ ಅನುಮಾನ ಬಂದರೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಬೇರೆ ಇಯರ್‌ಫೋನ್ ಕಳಿಸಿದೆ. ಎಲ್ಲ ಸರಿ ಅಂದುಕೊಂಡೆ. ನಾಲ್ಕನೇ ದಿನ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ವೈರ್ ಕಿವಿಯಲ್ಲೇ ಇತ್ತು. ದನಿ ಸ್ಪೀಕರಿನಿಂದ ಬಂತು."

ತಿರುವು

ಆ ಮಾತು ಕೇಳಿ ನನ್ನ ಯೋಚನೆ ಬುಡಮೇಲಾಯಿತು. ಕೆನ್ನೆಯ ಕಥೆ ಮುಗಿಯಿತು. ಸೆನ್ಸರಿನ ಕಥೆ ಮುಗಿಯಿತು. ಜ್ಯಾಕ್‌ನಲ್ಲಿ ಕಸ ಕೂತರೂ ಹೀಗಾಗುವುದಿಲ್ಲ. ಆಗ ಫೋನ್ ಇಯರ್‌ಫೋನ್ ಇಲ್ಲದಿದ್ದರೂ ಇದೆ ಎಂದುಕೊಳ್ಳುತ್ತದೆ, ಅಂದರೆ ಉಲ್ಟಾ ತೊಂದರೆ ಬರುತ್ತದೆ. ಚುಚ್ಚಿದ ವೈರನ್ನೂ ಮೀರಿ ದನಿ ಸ್ಪೀಕರಿಗೆ ಹೋಗುತ್ತಿದೆ ಅಂದರೆ, 'ಸ್ಪೀಕರಿಗೇ ಹೋಗು' ಅಂತ ಯಾರೋ ಅಪ್ಪಣೆ ಕೊಟ್ಟಿರಬೇಕು. ಯಾರು?

ಆಗ ಮೇಡಂಗೆ ಒಂದು ಕೆಲಸ ಕೊಟ್ಟೆ. ಒಂದು ಪುಸ್ತಕ ಇಟ್ಟುಕೊಂಡು ಪ್ರತಿ ಕರೆಯನ್ನೂ ಬರೆಯಬೇಕು. ಕೆಟ್ಟದ್ದನ್ನು ಮಾತ್ರ ಅಲ್ಲ, ಸರಿಯಾಗಿ ನಡೆದ ಕರೆಯನ್ನೂ. ಸಮಯ, ದನಿ ಎಲ್ಲಿಂದ ಬಂತು, ವಾಚ್ ಎಲ್ಲಿತ್ತು, ಮತ್ತು ಆ ಕರೆಗೆ ಮುಂಚೆ ಫೋನಿನಲ್ಲಿ ಕೊನೆಗೆ ಏನು ಮಾಡಿದ್ದರು. ಕರೆ ಮಾಡಿದವರ ಬಗ್ಗೆ ಒಂದು ಅಕ್ಷರವೂ ಬೇಡ ಅಂದೆ. "ಸರಿ ಇದ್ದದ್ದನ್ನ ಯಾಕೆ ಬರೀಬೇಕು?" ಅಂತ ಕೇಳಿದರು. ಆಗ ನನ್ನ ಹತ್ತಿರವೂ ಒಳ್ಳೆಯ ಉತ್ತರ ಇರಲಿಲ್ಲ. ಸುಮ್ನೆ ಬರೀರಿ ಅಂದೆ.

ಹದಿನೈದು ದಿನದಲ್ಲಿ 26 ಕರೆ ಆದವು. 4 ಕರೆಗಳಲ್ಲಿ ದನಿ ಸ್ಪೀಕರಿಗೆ ಹೋಗಿತ್ತು. 3 ಕರೆಗಳಲ್ಲಿ ಏನೂ ಕೇಳಿಸಿರಲಿಲ್ಲ. ಉಳಿದ 19 ಸರಿ. ಆ ನಾಲ್ಕರ ಹಿಂದೆಯೂ 'ಮೀಟಿಂಗ್' ಅಂತ ಬರೆದಿತ್ತು. ಸಿಕ್ಕಿತು ಅಂತ ಕುಣಿಯುವಷ್ಟರಲ್ಲಿ ಇನ್ನೊಂದು ಕಂಡಿತು. ಆ ಹದಿನೈದು ದಿನದಲ್ಲಿ ಮೀಟಿಂಗ್ ಆದದ್ದು 7 ಸಲ. ಉಳಿದ 3 ಸಲ ಮೀಟಿಂಗ್ ಆದ ಮೇಲೂ ಕರೆ ಸರಿಯಾಗಿಯೇ ನಡೆದಿತ್ತು. ಹಾಗಾದರೆ ಮೀಟಿಂಗ್ ಕಾರಣ ಅಲ್ವಾ?

ಆ ಮೂರು ಸಾಲುಗಳನ್ನು ಎಷ್ಟೋ ಸಲ ಓದಿದೆ. ಮೂರರಲ್ಲೂ 'ಕೊನೆಗೆ ಮಾಡಿದ್ದು' ಅನ್ನುವ ಕಡೆ ಬೇರೆ ಏನೋ ಇತ್ತು: 'ಅಕ್ಕನ ಫೋನ್', 'ಗ್ಯಾಸ್‌ನವರ ಫೋನ್', 'ಅಕ್ಕ.' ಮೀಟಿಂಗ್ ಮುಗಿದ ಮೇಲೆ, ನೆಟ್ ಕಾಲ್ ಬರುವ ಮುಂಚೆ, ನಡುವೆ ಒಂದು ಮಾಮೂಲಿ ಸಿಮ್ ಕರೆ ಬಂದಿತ್ತು. ಸಿಮ್ ಕರೆ ಬಂದರೆ ತೊಂದರೆ ತಾನಾಗಿ ತೊಳೆದುಹೋಗುತ್ತಿತ್ತು. ರೀಸ್ಟಾರ್ಟ್ ಮಾಡಿದಾಗ ಹೋಗುತ್ತಿದ್ದ ಹಾಗೆ. ಸರಿ ಇದ್ದ ಕರೆಗಳನ್ನು ಬರೆಯದಿದ್ದರೆ ಈ ಮೂರು ಸಾಲು ನನಗೆ ಸಿಗುತ್ತಲೇ ಇರಲಿಲ್ಲ.

ಮೇಡಂ ಫೋನನ್ನು ಒಂದು ಮಧ್ಯಾಹ್ನ ಎದುರಿಗೆ ಇಟ್ಟುಕೊಂಡು ಕೂತೆ. ಕಂಪ್ಯೂಟರಿಗೆ ಕೇಬಲ್ ಹಾಕಿ ಎಡಿಬಿ (ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಸಾಧನ) ಮೂಲಕ 'ಡಂಪ್‌ಸಿಸ್ ಆಡಿಯೊ' ಅನ್ನುವ ಆಜ್ಞೆ ಕೊಟ್ಟರೆ, ಆಂಡ್ರಾಯ್ಡ್ ತನ್ನ ಆಡಿಯೊ ವ್ಯವಹಾರದ ದಿನಚರಿಯನ್ನು ಕಕ್ಕುತ್ತದೆ. ಯಾವ ಆ್ಯಪ್ ಯಾವ ಹೊತ್ತಿಗೆ ಏನು ಕೇಳಿತು ಅನ್ನುವುದು ಅದರಲ್ಲಿ ಇರುತ್ತದೆ. ಯಾರ ಮಾತೂ ಅದರಲ್ಲಿ ಇರುವುದಿಲ್ಲ, ಅದನ್ನು ಮೇಡಂಗೆ ಮೊದಲೇ ತೋರಿಸಿದೆ. ನನ್ನ ಫೋನಿನಿಂದ ಐದು ನಿಮಿಷ ವೀಡಿಯೊ ಮೀಟಿಂಗ್ ಮಾಡಿ ಇಬ್ಬರೂ ಹೊರಬಂದೆವು. ಆಜ್ಞೆ ಕೊಟ್ಟೆ. ಒಂದು ಸಾಲು: ಮೀಟಿಂಗ್ ಆ್ಯಪ್ 'ಸ್ಪೀಕರ್‌ಫೋನ್ ಆನ್' ಅಂತ ಕೇಳಿದೆ, ಸಮಯ ಸಹಿತ. ಅದರ ಕೆಳಗೆ 'ಆಫ್' ಅನ್ನುವ ಸಾಲು ಇರಬೇಕಿತ್ತು. ಇರಲಿಲ್ಲ.

ಸಂಸ್ಥೆಯ ನಂಬರಿಗೆ ಕರೆ ಮಾಡಿದೆ. ಮೇಡಂ ಎತ್ತಿದರು. ನನ್ನ ದನಿ ಲೌಡ್‌ಸ್ಪೀಕರಿನಲ್ಲಿ. ಪರದೆಯ ಮೇಲೆ ಸ್ಪೀಕರ್ ಬಟನ್ ಬೂದು ಬಣ್ಣದಲ್ಲಿ, ಅಂದರೆ ಆಫ್. ಮೇಡಂ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಒಳಗೆ ಆಗುತ್ತಿದ್ದದ್ದು

ಫೋನಿನಲ್ಲಿ ದನಿ ಹೊರಬರಲು ಹಲವು ದಾರಿ ಇವೆ: ಕಿವಿಯ ಹತ್ತಿರದ ಸಣ್ಣ ಇಯರ್‌ಪೀಸ್, ಕೆಳಗಿನ ಲೌಡ್‌ಸ್ಪೀಕರ್, ವೈರ್, ಬ್ಲೂಟೂತ್. ಹಾಡು ಕೇಳುವಾಗ ಒಂದು ನಿಯಮ, ಮಾತಾಡುವಾಗ ಬೇರೆ ನಿಯಮ. ಅದಕ್ಕೆ ಆಂಡ್ರಾಯ್ಡ್ ಕೆಲವು 'ಮೋಡ್' ಇಟ್ಟುಕೊಂಡಿದೆ: ಮಾಮೂಲಿ, ರಿಂಗ್ ಆಗುತ್ತಿದೆ, ಸಿಮ್ ಕರೆಯಲ್ಲಿದೆ, ನೆಟ್ ಕರೆಯಲ್ಲಿದೆ. ಕೊನೆಯದು ಬಂದದ್ದು 2011ರ ಆಂಡ್ರಾಯ್ಡ್ 3.0ರಲ್ಲಿ. ಅದಕ್ಕೂ ಮುಂಚೆ ನೆಟ್ ಕಾಲ್ ಆ್ಯಪ್‌ಗಳಿಗೆ ತಮ್ಮದೇ ಮೋಡ್ ಇರಲಿಲ್ಲ, ಸಿಮ್ ಕರೆಯ ವೇಷ ಹಾಕಿಕೊಂಡು ಕೆಲಸ ನಡೆಸುತ್ತಿದ್ದವು. ಆ ಕಾಲದ ಕೆಲವು ಆ್ಯಪ್‌ಗಳ ಸೆಟ್ಟಿಂಗ್ಸ್ ತೆರೆದರೆ ದನಿ ಸರಿಪಡಿಸಲೆಂದೇ ಪುಟದ ತುಂಬ ಟಿಕ್ ಬಾಕ್ಸ್‌ಗಳು ಇರುತ್ತಿದ್ದವು. ಯಾವ ಫೋನಿಗೆ ಯಾವುದು ಹಾಕಬೇಕು ಅನ್ನುವುದು ಅದೃಷ್ಟದ ಆಟ.

ನೆಟ್ ಕರೆಯ ಮೋಡಿನಲ್ಲಿ ಬೇರೆ ಏನೂ ಹೇಳದಿದ್ದರೆ ದನಿ ಇಯರ್‌ಪೀಸಿಗೆ ಹೋಗುತ್ತದೆ. ವೈರ್ ಇದ್ದರೆ ವೈರಿಗೆ. ಆದರೆ 'ಸ್ಪೀಕರ್‌ಫೋನ್ ಆನ್' ಅನ್ನುವ ಅಪ್ಪಣೆ ಇದ್ದರೆ ಅದು ಎಲ್ಲಕ್ಕಿಂತ ಮೇಲೆ. ಆಂಡ್ರಾಯ್ಡ್ 10ರಲ್ಲಿ ಈ ಅಪ್ಪಣೆ ಒಂದು ಆ್ಯಪಿನ ಸ್ವಂತದ್ದಲ್ಲ, ಇಡೀ ಫೋನಿನದು. ಮನೆಗೆಲ್ಲ ಒಂದೇ ನಲ್ಲಿ ಇದ್ದ ಹಾಗೆ. ಒಬ್ಬರು ತಿರುಗಿಸಿ ಬಿಟ್ಟು ಹೋದರೆ ಮುಂದೆ ಬಂದವರಿಗೆ ಅದು ಹಾಗೇ ಸಿಗುತ್ತದೆ.

ಮೀಟಿಂಗ್ ಆ್ಯಪ್ ಒಳಗೆ ಬರುವಾಗ ಸ್ಪೀಕರ್ ಆನ್ ಮಾಡಿತು, ಹೊರಗೆ ಹೋಗುವಾಗ ಆಫ್ ಮಾಡಲು ಮರೆಯಿತು. ಆ್ಯಪನ್ನು ಫೋರ್ಸ್ ಸ್ಟಾಪ್ ಮಾಡಿ ನೋಡಿದೆ, ಅಪ್ಪಣೆ ಹೋಗಲಿಲ್ಲ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕಂದರೆ ಆಮೇಲೆ ಹಾಡು ಕೇಳಿದರೂ, ವೀಡಿಯೊ ನೋಡಿದರೂ ದನಿ ಹೇಗೂ ಸ್ಪೀಕರಿನಲ್ಲೇ ಬರಬೇಕು. ಮುಂದಿನ ನೆಟ್ ಕಾಲ್ ಬರುವವರೆಗೆ ಅದು ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ.

ಕಾಲಿಂಗ್ ಆ್ಯಪಿನ ತಪ್ಪೂ ಒಂದಿತ್ತು. ಕರೆ ಶುರುವಾದಾಗ ಅದು ಮೋಡ್ ಬದಲಿಸುತ್ತಿತ್ತು, ಸ್ಪೀಕರ್ ಬಗ್ಗೆ ಏನೂ ಹೇಳುತ್ತಿರಲಿಲ್ಲ. 'ನಾನು ಆನ್ ಮಾಡಿಲ್ಲ, ಆದ್ದರಿಂದ ಆಫ್ ಇದೆ' ಅನ್ನುವುದು ಅದರ ಲೆಕ್ಕ. ಬಟನ್ ತೋರಿಸುತ್ತಿದ್ದದ್ದು ಆ ಲೆಕ್ಕವನ್ನು, ಫೋನಿನ ನಿಜ ಸ್ಥಿತಿಯನ್ನಲ್ಲ. ಮೇಡಂ ಮೊದಲ ಸಲ ಒತ್ತಿದಾಗ ಆ್ಯಪ್ 'ಆನ್' ಅಂದಿತು. ಮೊದಲೇ ಆನ್ ಇತ್ತು, ಏನೂ ಬದಲಾಗಲಿಲ್ಲ. ಎರಡನೇ ಸಲ ಒತ್ತಿದಾಗ 'ಆಫ್' ಅಂದಿತು. ಆಗ ನಿಜವಾಗಿ ಆಫ್ ಆಯಿತು.

"ಒತ್ತಿದೆ, ಹೋಗಲಿಲ್ಲ. ಮತ್ತೆ ಒತ್ತಿದೆ, ಹೋಯ್ತು." ಮೊದಲ ದಿನ ಮೊದಲ ಕರೆಯಲ್ಲೇ ಮೇಡಂ ಹೇಳಿದ್ದು ಇದನ್ನೇ. ಒಂದೇ ಬಟನ್, ಎರಡನೇ ಸಲಕ್ಕೆ ಕೆಲಸ ಮಾಡಿತು ಅಂದರೆ ಆರಂಭದ ಸ್ಥಿತಿಯೇ ತಪ್ಪಿತ್ತು ಅಂತ ಅರ್ಥ. ನಾನು ಅದನ್ನು ಗಾಬರಿಯಲ್ಲಿ ಆಡಿದ ಮಾತು ಎಂದುಕೊಂಡು ಬರೆದುಕೊಳ್ಳಲೇ ಇಲ್ಲ.

ಸಿಮ್ ಕರೆ ಯಾಕೆ ತೊಳೆಯುತ್ತಿತ್ತು ಅನ್ನುವುದೂ ದಿನಚರಿಯಲ್ಲೇ ಕಂಡಿತು. ಫೋನಿನ ಸ್ವಂತ ಕರೆ ವ್ಯವಸ್ಥೆ ಹಿಂದಿನವರನ್ನು ನಂಬುವುದಿಲ್ಲ. ಕರೆ ಶುರುವಾದಾಗ ದನಿ ಎಲ್ಲಿಗೆ ಹೋಗಬೇಕು ಅಂತ ತಾನೇ ಮತ್ತೆ ಹೇಳುತ್ತದೆ, ಸ್ಪೀಕರ್ ಆಫ್ ಅನ್ನುವುದನ್ನೂ ಸೇರಿಸಿ.

ಎರಡನೇ ಕಾಯಿಲೆ

ಪುಸ್ತಕದಲ್ಲಿ ಉಳಿದಿದ್ದ ಆ 3 ಕರೆಗಳು? ಅದನ್ನು ಹಿಡಿದದ್ದು ನಾನಲ್ಲ. ಒಂದು ಸಂಜೆ ಮೇಡಂ ಹಾಲ್‌ನಲ್ಲಿ ಹಲೋ ಹಲೋ ಅನ್ನುತ್ತಿರುವಾಗ ಒಳಗಿನಿಂದ ಅವರ ಅತ್ತೆ ಕೂಗಿದರಂತೆ: "ನಿನ್ನ ವಾಚ್ ಮಾತಾಡ್ತಿದೆ ನೋಡೇ!"

ವಾಚ್ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಅದರಲ್ಲಿ ಸಣ್ಣ ಸ್ಪೀಕರ್, ಸಣ್ಣ ಮೈಕ್ ಇವೆ. ಅಂಥ ವಾಚ್ ಫೋನಿನ ಕಣ್ಣಿಗೆ ಒಂದು ಬ್ಲೂಟೂತ್ ಹೆಡ್‌ಸೆಟ್. ಕಾಲಿಂಗ್ ಆ್ಯಪ್ ಹೆಡ್‌ಸೆಟ್ ಸಿಕ್ಕರೆ ತಾನಾಗಿ ಅದಕ್ಕೇ ಕರೆ ಕಳಿಸುವಂತೆ ಮಾಡಿದ್ದರು. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಮಾತಿಗೆ ಇನ್ನೊಂದು. ಹಾಡಿನದು ಎ2ಡಿಪಿ, ಒಂದೇ ದಿಕ್ಕಿನದು. ಮಾತಿನದು ಎಚ್‌ಎಫ್‌ಪಿ, ಎರಡೂ ದಿಕ್ಕಿನದು. ಅದು ತೆರೆದುಕೊಂಡರೆ ಕೇಳುವುದೂ ಮಾತಾಡುವುದೂ ಎರಡೂ ಆ ಕಡೆ ಹೋಗುತ್ತವೆ. ಕರೆ ಮಾಡಿದವರ ದನಿ ಖಾಲಿ ಕೋಣೆಯಲ್ಲಿ ವಾಚ್‌ನಿಂದ ಬರುತ್ತಿತ್ತು. ಅವರಿಗೆ ಕೇಳಿಸುತ್ತಿದ್ದದ್ದು ಆ ಕೋಣೆಯ ಫ್ಯಾನಿನ ಸದ್ದು.

ಪುಸ್ತಕ ತೆಗೆದು ನೋಡಿದರೆ ಮೂರು ಸಾಲಿನಲ್ಲೂ 'ವಾಚ್: ಚಾರ್ಜಿಗೆ' ಅಂತಿತ್ತು. ಕೈಯಲ್ಲಿ ಇದ್ದಾಗ ದನಿ ಅಲ್ಲೇ ಕೇಳಿಸುತ್ತಿತ್ತು, ಹಾಗಾಗಿ ಅದು ತೊಂದರೆ ಅಂತ ಅನ್ನಿಸಿರಲಿಲ್ಲ. ಕೇಳಿಸಿಕೊಳ್ಳುವವರು ದೂರ ಇದ್ದಾಗ ಮಾತ್ರ ಅದು 'ಮೌನ' ಆಗುತ್ತಿತ್ತು. ನಾನು ಪುಸ್ತಕದಲ್ಲಿ ವಾಚ್ ಕಾಲಂ ಬರೆಸಿದ್ದೆ, ಆದರೆ ಮೀಟಿಂಗ್ ಸುಳಿವು ಸಿಕ್ಕ ಉತ್ಸಾಹದಲ್ಲಿ ಅದನ್ನು ಓದಿಯೇ ಇರಲಿಲ್ಲ.

ಇದನ್ನು ಸರಿಮಾಡುವುದು ಸುಲಭ. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ವಾಚ್‌ನ ಹೆಸರಿನ ಪಕ್ಕದ ಚಕ್ರ ಒತ್ತಿದರೆ ಫೋನ್ ಕರೆಗೆ ಒಂದು, ಮೀಡಿಯಾ ದನಿಗೆ ಒಂದು ಸ್ವಿಚ್ ಸಿಗುತ್ತದೆ. ಕರೆಯದ್ದನ್ನು ಆಫ್ ಮಾಡಿದೆವು. ಮೆಸೇಜ್ ಬಂದಾಗ ವಾಚ್ ನಡುಗುವುದು ಹಾಗೇ ಉಳಿಯಿತು. ಇಂಥ ಬಹಳಷ್ಟು ವಾಚ್‌ಗಳಲ್ಲಿ ಅದು ಬೇರೆ ಬ್ಲೂಟೂತ್ ಸಂಪರ್ಕದ ಮೇಲೆ ನಡೆಯುತ್ತದೆ.

ಕಷ್ಟದ ಭಾಗ ಇನ್ನೊಂದಿತ್ತು. ಅತ್ತೆಗೆ ಒಂದೆರಡು ವಾಕ್ಯ ಕೇಳಿಸಿತ್ತು. ಮೇಡಂ ಅದನ್ನು ಮುಚ್ಚಿಡಲಿಲ್ಲ. ತಮ್ಮ ಮೇಲಿನವರಿಗೆ ಅದೇ ದಿನ ತಿಳಿಸಿದರು. ಆ ವ್ಯಕ್ತಿ ಮತ್ತೆ ಕರೆ ಮಾಡಿದಾಗ ಅವರಿಗೂ ನಡೆದದ್ದನ್ನು ಹೇಳಿದರು. ಅಲ್ಲಿ ಏನು ಮಾತು ನಡೆಯಿತು ಅನ್ನುವುದು ನನ್ನ ವಿಷಯವಲ್ಲ, ನಾನು ಕೇಳಲೂ ಇಲ್ಲ.

ಕೊನೆಗೆ ಮಾಡಿದ್ದು

ಮೊದಲು ಮಾಡಿದ್ದು ತೀರಾ ಮಾಮೂಲಿ ಕೆಲಸ: ಮೀಟಿಂಗನ್ನು ಲ್ಯಾಪ್‌ಟಾಪಿಗೆ ಸಾಗಿಸಿದೆವು. ನಾನು ಇನ್ನೊಂದು ದಾರಿಯನ್ನೂ ಯೋಚಿಸಿದ್ದೆ. ಡ್ಯೂಟಿ ಶುರುವಾಗುವ ಮುಂಚೆ ಒಂದು ಪರೀಕ್ಷಾ ಕರೆ ಮಾಡಿ, ಸ್ಪೀಕರ್ ಬಟನ್ ಎರಡು ಸಲ ಒತ್ತುವುದು. ಕೆಲಸ ಮಾಡುತ್ತಿತ್ತು. ಆದರೆ ಒಂದು ದಿನ ಮರೆತರೆ ಯಾರದೋ ಗುಟ್ಟು ಹೊರಗೆ ಬೀಳುತ್ತದೆ. ನೆನಪಿನ ಮೇಲೆ ನಿಂತ ಪರಿಹಾರವನ್ನು ಇಂಥ ಕೆಲಸಕ್ಕೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಎರಡೂ ಆ್ಯಪ್‌ನವರಿಗೆ ಬರೆದೆ. ದಿನಚರಿಯ ಬೇಕಾದ ನಾಲ್ಕು ಸಾಲು ಮಾತ್ರ ಕಳಿಸಿದೆ, ಪೂರ್ತಿ ರಿಪೋರ್ಟ್ ಅಲ್ಲ. ಪೂರ್ತಿಯದರಲ್ಲಿ ಫೋನಿನಲ್ಲಿ ಇರುವ ಬೇರೆ ಆ್ಯಪ್‌ಗಳ ವಿವರವೂ ಇರುತ್ತದೆ. ಮೀಟಿಂಗ್ ಆ್ಯಪ್‌ನವರಿಂದ ಉತ್ತರ ಬರಲಿಲ್ಲ. ಕಾಲಿಂಗ್ ಆ್ಯಪ್‌ನವರು ಒಂದು ಪ್ರಶ್ನೆ ಕೇಳಿದರು, ಮೂರು ವಾರಕ್ಕೆ ಅಪ್‌ಡೇಟ್ ಕಳಿಸಿದರು. ಈಗ ಅದು ಪ್ರತಿ ಕರೆಯ ಆರಂಭದಲ್ಲಿ ದನಿ ಎಲ್ಲಿಗೆ ಹೋಗಬೇಕು ಅಂತ ತಾನೇ ಹೇಳುತ್ತದೆ. ಬಟನ್ನಿನ ಬಣ್ಣವನ್ನು ಫೋನನ್ನು ಕೇಳಿಯೇ ತೋರಿಸುತ್ತದೆ. ನಲ್ಲಿ ಬಿಟ್ಟುಹೋದವರು ಬೇರೆಯವರೇ ಇರಬಹುದು, ನೀರು ನುಗ್ಗುವುದು ನಮ್ಮ ಮನೆಗೆ ಅಲ್ವಾ? ನೋಡಿಕೊಳ್ಳಬೇಕಾದವರು ನಾವೇ.

2021ರ ಆಂಡ್ರಾಯ್ಡ್ 12ರಲ್ಲಿ ಹಳೆಯ ಸ್ಪೀಕರ್ ಅಪ್ಪಣೆಯ ಬದಲು ಹೊಸ ಪದ್ಧತಿ ಬಂತು. ಆ್ಯಪ್ ತನ್ನ ಮಾತಿಗೆ ಇಂಥ ಸಾಧನ ಬೇಕು ಅಂತ ಕೇಳಿಕೊಳ್ಳುತ್ತದೆ. ಆ ಆ್ಯಪ್ ಮುಚ್ಚಿದರೆ ಅದರ ಕೋರಿಕೆಯೂ ಹೋಗುತ್ತದೆ. ಹೊಸ ಫೋನುಗಳಲ್ಲಿ ಈ ಕಥೆಯ ಮೊದಲ ಅರ್ಧ ನಡೆಯುವುದು ಕಷ್ಟ. ಐಫೋನಿನಲ್ಲಿ ಪ್ರತಿ ಆ್ಯಪಿಗೂ ತನ್ನದೇ ಆಡಿಯೊ ಸೆಷನ್, ಅಲ್ಲೂ ಹೀಗಾಗುವುದು ಕಷ್ಟ. ಆದರೆ ವಾಚ್‌ನ ಅರ್ಧ ಎಲ್ಲಿ ಬೇಕಾದರೂ ನಡೆಯಬಹುದು.

ಈಗ ಇಂಥ ದೂರು ಬಂದರೆ ನಾನು ಕೇಳುವ ಪ್ರಶ್ನೆಗಳು ಬದಲಾಗಿವೆ. 'ಏನಾಯ್ತು' ಅನ್ನುವುದಕ್ಕಿಂತ ಮೊದಲು 'ಅದಕ್ಕೂ ಮುಂಚೆ ಆ ಫೋನಿನಲ್ಲಿ ಏನು ಮಾಡಿದ್ರಿ' ಅಂತ ಕೇಳುತ್ತೇನೆ. 'ಕೇಳಿಸಲಿಲ್ಲ' ಅಂದರೆ ಯಾರಿಗೆ ಕೇಳಿಸಲಿಲ್ಲ ಅಂತ ಕೇಳುತ್ತೇನೆ: ಇವರಿಗೋ, ಅವರಿಗೋ, ಇಬ್ಬರಿಗೂನೋ. ಇಬ್ಬರಿಗೂ ಅಂದರೆ ಮೊದಲು ಬ್ಲೂಟೂತ್ ನೋಡುತ್ತೇನೆ. ಅವರಿಗೆ ಮಾತ್ರ ಅಂದರೆ ಮೈಕ್ ಅನುಮತಿ. ಜನ ಹೇಳಿದ್ದನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ನನ್ನ ಭಾಷೆಗೆ ತಿರುಗಿಸುವುದಿಲ್ಲ.

ಎರಡು ತಿಂಗಳಾದ ಮೇಲೆ ವಾಚ್‌ಗೆ ಏನೋ ಅಪ್‌ಡೇಟ್ ಬಂದು, ಅದನ್ನು ಫೋನಿಗೆ ಮತ್ತೆ ಜೋಡಿಸಬೇಕಾಯಿತು. ಕರೆಯ ಸ್ವಿಚ್ ತಾನಾಗಿ ಮತ್ತೆ ಆನ್ ಆಗಿತ್ತು. ಈ ಸಲ ಮೇಡಂ ನನಗೆ ಫೋನ್ ಮಾಡಲಿಲ್ಲ. ತಾವೇ ಆಫ್ ಮಾಡಿ, ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೊ ಕಳಿಸಿದರು. ಕೊನೆಯ ಕಾಲಂನಲ್ಲಿ 'ಬಟನ್ ನಾನೇ ಮುಟ್ಟಿದ್ದು' ಅಂತ ಬರೆದಿದ್ದರು.